ಸಹಾಯ ಬೇಕು: ಟಿಬಿ ರೋಗಿಗಳ ಖರ್ಚು ಬರೆಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ರೋಗಿಗಳ ಮನೆಗೆ ಹೋಗಿ, ಚಿಕಿತ್ಸೆಗೆ ಕೈಯಿಂದ ಎಷ್ಟು ಹೋಯ್ತು ಅಂತ ನನ್ನ ಅಧ್ಯಯನಕ್ಕೆ ಬರೆದುಕೊಳ್ಳುತ್ತಿದ್ದೇನೆ. ಸರ್ಕಾರದ ಮಾತ್ರೆ ಉಚಿತ. ಆದರೆ ಆಟೊ, ಜೊತೆಗೆ ಬಂದವರ ಊಟ, ತಪ್ಪಿದ ಕೂಲಿ ಇದೆಯಲ್ಲ, ಹೊರೆ ಇರೋದೇ ಅಲ್ಲಿ.

ಮೊನ್ನೆ ಸಿಂಧನೂರು ಕಡೆ ಒಬ್ಬ ಅವ್ವ ಸೆರಗಿನ ಗಂಟು ಬಿಚ್ಚಿ ಔಷಧಿ ಅಂಗಡಿ ಚೀಟಿಗಳನ್ನು ತೋರಿಸಿದರು, ಒಂದರಲ್ಲೂ ಶಾಯಿ ಉಳಿದಿರಲಿಲ್ಲ. ಮೂರು ತಿಂಗಳ ಹಿಂದಿನದು ಯಾರಿಗೆ ನೆನಪಿರುತ್ತೆ, ಅಲ್ವಾ? ಸುಮ್ನೆ ಅಂದಾಜು ಬರೆಯೋಕೆ ಮನಸ್ಸು ಒಪ್ಪುತ್ತಿಲ್ಲ. ಮನೆಯ ವರ್ಷದ ಆದಾಯದಲ್ಲಿ 20%ಗಿಂತ ಜಾಸ್ತಿ ಹೋದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಿಪರೀತ ಹೊರೆ ಎಂದು ಎಣಿಸುತ್ತದೆ.

ಓದು ಬಾರದವರಿಗೆ ಚಿತ್ರ ಇರುವ ಖರ್ಚಿನ ಡೈರಿ ಮಾಡಿದವರು ಇದ್ದೀರಾ? ಹೆಂಗಸರಿಗೆ 2023ರಿಂದ ಸರ್ಕಾರಿ ಬಸ್ ಉಚಿತ, ಆ ಪ್ರಯಾಣಕ್ಕೆ ಸೊನ್ನೆ ಹಾಕಬೇಕಾ? ಎಕರೆ ಲೆಕ್ಕದ ನಾಟಿ ಕೂಲಿಯನ್ನು ದಿನಕ್ಕೆ ಹೇಗೆ ಇಳಿಸಿದಿರಿ? ನಿಮ್ಮ ಫಾರಂ ಇದ್ದರೆ ದಯವಿಟ್ಟು ಇಲ್ಲಿ ಹಾಕಿ.