ಆಸೆಬುರುಕನಿಗೆ ಪದ ಸಿಕ್ಕಿತು, ಕೊಡುವವನಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ತುಮಕೂರಿನಿಂದ ಬರೆಯುತ್ತಿದ್ದೇನೆ. ತನ್ನ ಹತ್ತಿರ ಏನೂ ಇಲ್ಲದಿದ್ದರೂ ಕೊಡುವವನಿಗೆ ಒಪ್ಪುವ ಒಂದು ಪದಕ್ಕಾಗಿ ವಾರದಿಂದ ಹುಡುಕುತ್ತಿದ್ದೇನೆ, ಬಲ್ಲವರು ದಾರಿ ತೋರಿಸಿ.

ಅಕ್ಕನ ಮಗ ರಜೆಗೆ ಬಂದಿದ್ದಾನೆ. ತಾನು ಆಡುವ ವಿಡಿಯೋ ಗೇಮ್‌ಗಳಲ್ಲಿ ಬರುವ ಪಾತ್ರಗಳಿಗೆಲ್ಲ ಕನ್ನಡದಲ್ಲಿ ಒಂದೊಂದು ಹೆಸರು ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾನೆ. ವಾರಿಯೋ ಅನ್ನುವ ಪಾತ್ರದ ಹತ್ತಿರ ಬಂದು ನಿಂತ. "ಮಾವ, ಇವನಿಗೆ ಜಿಪುಣ ಅಂತ ಬರೀಲಾ?" ಅಂದ. ಬರಿ ಅಂದೆ. ಆಮೇಲೆ ಯೋಚನೆ ಮಾಡಿದರೆ ತಪ್ಪು ಹೇಳಿದೆ ಅನ್ನಿಸಿತು.

ವಾರಿಯೋ ಜಪಾನಿನ ನಿಂಟೆಂಡೋ ಕಂಪನಿಯ ಆಟಗಳ ಪಾತ್ರ. 1992ರಲ್ಲಿ ಮೊದಲ ಸಲ ಬಂದಾಗ ಆಟದ ನಾಯಕ ಮಾರಿಯೋನ ಕೋಟೆಯನ್ನೇ ಹೊಡೆದುಕೊಂಡು ಕೂತಿದ್ದ. ಜಪಾನಿ ಭಾಷೆಯಲ್ಲಿ 'ವರುಯಿ' ಅಂದರೆ ಕೆಟ್ಟ, ಅದನ್ನು ಮಾರಿಯೋ ಜೊತೆ ಸೇರಿಸಿ ಕಟ್ಟಿದ ಹೆಸರು ಅದು. ಚಿನ್ನ, ನಿಧಿ ಅಂದರೆ ಸಾಕು, ಎಲ್ಲಿಗೆ ಬೇಕಾದರೂ ನುಗ್ಗುತ್ತಾನೆ. ಇದರಲ್ಲಿ ಜಿಪುಣತನ ಎಲ್ಲಿ ಬಂತು? ಜಿಪುಣ ತನ್ನ ಹತ್ತಿರ ಇರುವುದನ್ನು ಬಿಡುವುದಿಲ್ಲ. ಇವನು ತನ್ನದಲ್ಲದ್ದಕ್ಕೆ ಕೈ ಹಾಕುತ್ತಾನೆ. ಎರಡೂ ಬೇರೆ, ಅಲ್ವಾ?

ಜಿಪುಣನಿಗೆ ನಮ್ಮ ಕಡೆ ಪದಗಳು ಬೇಕಾದಷ್ಟಿವೆ. ಜುಗ್ಗ ಅಂತೀವಿ, ಜೀನ ಅಂತೀವಿ, ಪೇಟೆಯಲ್ಲಾದರೆ ಕಂಜೂಸ್. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅನ್ನುವ ಮಾತು ಎಲ್ಲರಿಗೂ ಗೊತ್ತು. ಆ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಿ. ಕೈಗೆ ಅಂಟಿದ ನಾಲ್ಕು ಅಗುಳು ಕಾಗೆಯ ಪಾಲಾಗಬಾರದು ಅನ್ನುವುದಷ್ಟೇ ಅವನ ಚಿಂತೆ, ಪಕ್ಕದ ಎಲೆಯಲ್ಲಿರುವ ಅನ್ನದ ಮೇಲೆ ಅವನಿಗೆ ಕಣ್ಣಿಲ್ಲ. ಪಕ್ಕದ ಎಲೆಯ ಮೇಲೆ ಕಣ್ಣಿಟ್ಟವನು ಆಸೆಬುರುಕ. ದುರಾಸೆಯವನು ಅಂದರೂ ಅರ್ಥ ಅದೇ. ಆದರೆ 'ಬುರುಕ' ಸೇರಿದಾಗ ಮಾತಿಗೆ ಬೈಗುಳದ ಬಿಸಿ ಬರುತ್ತದೆ, ಅಳುಬುರುಕ ಅಂದ ಹಾಗೆ. ಒಳ್ಳೆಯ ಗುಣಕ್ಕೆ ಈ 'ಬುರುಕ' ಅಂಟಿದ್ದನ್ನು ನಾನಂತೂ ಕೇಳಿಲ್ಲ. ವಾರಿಯೋ ಮುಂದೆ ಜಿಪುಣ ಹೊಡೆದುಹಾಕಿಸಿ ಆಸೆಬುರುಕ ಅಂತ ಬರೆಸಿದೆ.

ಎರಡೂ ಗುಣ ಒಬ್ಬನಲ್ಲೇ ಇದ್ದರೆ ಲೋಭಿ ಅನ್ನುವುದು ಸರಿ ಅಂತ ನನ್ನ ಅನಿಸಿಕೆ. 1668ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಆಡಿದ, ಫ್ರೆಂಚ್ ನಾಟಕಕಾರ ಮೋಲಿಯೇರ್‌ನ ನಾಟಕದಲ್ಲಿ ಅರ್ಪಗೋನ್ ಅಂತ ಒಬ್ಬ ಇದ್ದಾನೆ. ತೋಟದಲ್ಲಿ ಹಣದ ಪೆಟ್ಟಿಗೆ ಹೂತಿಟ್ಟು ಹಗಲೂ ರಾತ್ರಿ ಅದರದ್ದೇ ಧ್ಯಾನ. ಜೊತೆಗೆ ಕದ್ದುಮುಚ್ಚಿ ವಿಪರೀತ ಬಡ್ಡಿಗೆ ಸಾಲ ಕೊಡುತ್ತಾನೆ. ಒಮ್ಮೆ ಸಾಲಕ್ಕೆ ಬಂದವನು ಸ್ವಂತ ಮಗನೇ ಆಗಿರುತ್ತಾನೆ! ಇಂಥವನಿಗೆ ಜಿಪುಣ ಅನ್ನುವುದು ಸಾಲದು.

ಇಲ್ಲಿಯವರೆಗೆ ಸಲೀಸಾಗಿ ಬಂತು. ಸಿಕ್ಕಿಹಾಕಿಕೊಂಡಿದ್ದು ಕೊಡುವವನ ಹತ್ತಿರ.

2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ಆಟದಲ್ಲಿ ಲೈನಸ್ ಅಂತ ಒಬ್ಬ ಮುದುಕ ಇದ್ದಾನೆ. ಊರಾಚೆ ಟೆಂಟಿನಲ್ಲಿ ವಾಸ. ಕಾಡಿನಲ್ಲಿ ಸಿಕ್ಕಿದ್ದನ್ನು ತಿನ್ನುತ್ತಾನೆ, ಒಮ್ಮೊಮ್ಮೆ ಕಸದ ಡಬ್ಬಿಯಲ್ಲೂ ಹುಡುಕುತ್ತಾನೆ. ಆದರೂ ಸ್ನೇಹ ಬೆಳೆದ ಮೇಲೆ, ಮೀನಿಗೆ ಹಾಕುವ ಒಂದು ಬಗೆಯ ಎರೆಯನ್ನು ಮಾಡುವುದು ಹೇಗೆ ಅಂತ ನಮಗೆ ಕಲಿಸಿಕೊಡುತ್ತಾನೆ. ಇವನಿಗೆ ಏನು ಬರೆಸಲಿ? ಕೊಡುಗೈ ದೊರೆ ಅಂದೆ. "ಮಾವ, ಇವನು ದೊರೆ ಅಲ್ಲವಲ್ಲ, ಇವನ ಹತ್ತಿರ ಏನೂ ಇಲ್ಲ" ಅಂದ ಹುಡುಗ. ನಿಜ. ದಾನಿ ಅಂದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರು ಕಣ್ಣ ಮುಂದೆ ಬರುತ್ತಾರೆ. ಉದಾರಿ, ಧಾರಾಳಿ ಅಂದರೂ ಕೈಯಲ್ಲಿ ಕಾಸಿರುವವನೇ. ದುಡ್ಡಿಲ್ಲದೆಯೂ ಕೊಡುವವನಿಗೆ ಒಂದು ಪದ ಬೇಕು. ನನ್ನ ಪ್ರಶ್ನೆ ಇಷ್ಟೇ.

ನಮ್ಮೂರುಗಳಲ್ಲಿ ಈಗಲೂ ಕುರುಕ್ಷೇತ್ರ ನಾಟಕ ಆಡುತ್ತಾರೆ. ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ತಿಂಗಳುಗಟ್ಟಲೆ ಕಲಿಸುತ್ತಾರೆ, ಪಾರ್ಟಿಗೆ ಇಷ್ಟು ಅಂತ ಹುಡುಗರು ತಾವೇ ದುಡ್ಡು ಹಾಕುತ್ತಾರೆ. ನಮ್ಮೂರಲ್ಲಿ ದುರ್ಯೋಧನನ ಪಾರ್ಟಿಗೆ ಕರ್ಣನದ್ದಕ್ಕಿಂತ ಜಾಸ್ತಿ. ಐದು ಊರು ಕೇಳಿದರೆ ಸೂಜಿಮೊನೆಯಷ್ಟು ನೆಲವನ್ನೂ ಕೊಡಲ್ಲ ಅಂದವನು, ಆದರೆ ಅಂಗರಾಜ್ಯವನ್ನು ಕರ್ಣನಿಗೆ ನಿಂತ ನಿಲುವಿನಲ್ಲೇ ಕೊಟ್ಟವನೂ ಅವನೇ. ಅದಕ್ಕೇ ಅವನನ್ನು ಲೋಭಿ ಅಂತ ಯಾರೂ ಕರೆಯುವುದಿಲ್ಲ, ಛಲದಂಕಮಲ್ಲ ಅಂತಾರೆ. ಕರ್ಣ ಮಾತ್ರ ದಾನಶೂರ. ಮೈಗಂಟಿದ ಕವಚವನ್ನೇ ಬಿಡಿಸಿ ಕೊಟ್ಟವನು. ಅಲ್ಲಿ ಅವನು ಕೊಟ್ಟಿದ್ದು ಖಜಾನೆಯಿಂದಲ್ಲ, ಮೈಯಿಂದ.

ಇದನ್ನು ಯೋಚಿಸುವಾಗಲೇ 10ನೇ ಶತಮಾನದ ಪಂಪ ನೆನಪಾದ. ಕರ್ಣನನ್ನು ನೆನೆಯಿರಿ ಅನ್ನುವ ಪದ್ಯದಲ್ಲಿ ಅವನು ಹೇಳುವುದು 'ಕರ್ಣನ ಚಾಗ'. ಚಾಗ ಅಂದರೆ ತ್ಯಾಗದ ತದ್ಭವ. ಈಗ ತ್ಯಾಗ ಅಂದರೆ ಬಿಟ್ಟುಬಿಡುವುದು ಅಂತಾಗಿದೆ, ಪದವಿ ತ್ಯಾಗ ಅಂದ ಹಾಗೆ. ಪಂಪನ ಚಾಗದಲ್ಲಿ ಕೈ ಇನ್ನೊಬ್ಬರ ಕಡೆ ಚಾಚುತ್ತದೆ. ಬನವಾಸಿಯ ಪದ್ಯದಲ್ಲಿ ಅಲ್ಲಿನ ಮನುಷ್ಯರ ಗುಣ ಎಣಿಸುವಾಗಲೂ ಅವನ ಮೊದಲ ಪದ ಚಾಗವೇ. ಅಲ್ಲಿ ರಾಜರ ಮಾತಿಲ್ಲ, ಮನುಷ್ಯರ ಮಾತು. ಆ ಗುಣ ಇರುವವನು ಚಾಗಿ. ಲೈನಸ್‌ಗೆ ಇದು ಒಪ್ಪುತ್ತದೆ ಅಂತ ನನ್ನ ಮನಸ್ಸು ಹೇಳುತ್ತಿದೆ. ಹುಡುಗನಿಗೂ ಇಷ್ಟವಾಯಿತು, ಆದರೆ ಕ್ಲಾಸಿನಲ್ಲಿ ಯಾರಿಗೂ ಅರ್ಥ ಆಗಲ್ಲ ಅಂತ ಪೇಚಾಡಿದ.

ನನಗೆ ಇನ್ನೊಂದು ಆಸೆ ಇದೆ. ಪುಸ್ತಕದ ಪದ ಬೇಡ, ಬಾಯಲ್ಲಿರುವ ಪದವೇ ಸಿಗಲಿ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಕೇಳದೆಯೇ ಒಂದು ಹಿಡಿ ಮೇಲೆ ಹಾಕುತ್ತಾರಲ್ಲ, ಅದಕ್ಕೆ ಕೊಸರು ಅನ್ನುವ ಚೆಂದದ ಪದ ಇದೆ. ಆ ಅಜ್ಜಿಯೇನು ದುಡ್ಡಿರುವವರಲ್ಲ. ಆದರೆ ಕೊಸರು ಹಾಕುವವರನ್ನು ಏನಂತ ಕರೆಯುತ್ತೇವೆ? ನಮ್ಮಮ್ಮನನ್ನು ಕೇಳಿದೆ. "ಕೈ ಬಿಚ್ಚಿ ಕೊಡ್ತಾರೆ" ಅಂದರು. ಅದು ವಾಕ್ಯ ಆಯಿತು, ಹೆಸರು ಆಗಲಿಲ್ಲ.

ಪಾವಗಡ, ಮಧುಗಿರಿ, ಶಿರಾ ಕಡೆಯವರು, ಕೋಲಾರದವರು, ನಿಮ್ಮ ಮನೆಯ ಹಿರಿಯರು ಇಂಥವರಿಗೆ ಏನನ್ನುತ್ತಾರೆ? ಒಂದೇ ಪದ ಇದ್ದರೆ ದಯವಿಟ್ಟು ತಿಳಿಸಿ. ಹುಡುಗ ಸೋಮವಾರ ಊರಿಗೆ ಹೋಗುತ್ತಾನೆ, ನೋಟ್‌ಬುಕ್ಕಿನಲ್ಲಿ ಲೈನಸ್ ಮುಂದೆ ಜಾಗ ಖಾಲಿ ಬಿಟ್ಟಿದ್ದಾನೆ.