ಆದಾಯ ತೆರಿಗೆ, 60 ದಾಟಿದವರ ಕಡಿತಗಳು: ಸಿಎ ಮೇಡಂಗೆ ಇಲ್ಲೇ ಕೇಳಿ (ಆಗಸ್ಟ್ 2025)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಹುಬ್ಬಳ್ಳಿ-ಧಾರವಾಡ ಹಿರಿಯರ ಗುಂಪಿನಲ್ಲಿ ಇವತ್ತು ಸಂಜೆ ತನಕ ಸಿಎ ಮೇಡಂ ಇರುತ್ತಾರೆ. 2024-25ರ ಆದಾಯದ ರಿಟರ್ನ್ ತುಂಬಲು ಸೆಪ್ಟೆಂಬರ್ 15 ಕೊನೆ ದಿನ. ಗುಡ್ ಮಾರ್ನಿಂಗ್ ಹೂವು ಇವತ್ತೊಂದು ದಿನ ಬೇಡ.

ಕೇಶ್ವಾಪುರ, ನಿವೃತ್ತ ಬ್ಯಾಂಕ್ ನೌಕರ: ಮೇಡಂ, 12 ಲಕ್ಷದ ತನಕ ತೆರಿಗೆ ಇಲ್ಲ ಅಲ್ವಾ? ನನ್ನದು ಪಿಂಚಣಿ, ಬಡ್ಡಿ ಸೇರಿ 9 ಲಕ್ಷ. ಹಾಗಾದ್ರೆ ಸುಮ್ನೆ ಇದ್ದರಾಯ್ತಾ?

ಸಿಎ: ಇಲ್ಲ ಸರ್. 12 ಲಕ್ಷದ ಮಾತು 2025ರ ಏಪ್ರಿಲ್ 1ರಿಂದ ಬರುವ ಆದಾಯಕ್ಕೆ. ಈಗ ತುಂಬುತ್ತಿರುವುದು ಹಿಂದಿನ ವರ್ಷದ್ದು. ಅದಕ್ಕೆ ತೆರಿಗೆ ಲೆಕ್ಕ ಹಾಕುವ ಎರಡು ಪದ್ಧತಿಗಳಿವೆ, ಒಂದನ್ನು ಆರಿಸಬೇಕು: ಹೊಸ ಪದ್ಧತಿಯಲ್ಲಿ 7 ಲಕ್ಷ, ಹಳೆಯದರಲ್ಲಿ 5 ಲಕ್ಷದ ತನಕ ರಿಬೇಟ್, ಅಂದರೆ ತೆರಿಗೆ ಸೊನ್ನೆ. ಹೊಸದರಲ್ಲಿ ಪಿಂಚಣಿಯಿಂದ 75,000 ಕಳೆಯಬಹುದು, ಹಳೆಯದರಲ್ಲಿ 50,000. ಬಡ್ಡಿಗೆ 80ಟಿಟಿಬಿ 50,000, ಆರೋಗ್ಯ ವಿಮೆಗೆ 80ಡಿ 50,000, ಉಳಿತಾಯಕ್ಕೆ 80ಸಿ ಒಂದೂವರೆ ಲಕ್ಷ, ಇವೆಲ್ಲ ಹಳೆಯ ಪದ್ಧತಿಗೆ ಮಾತ್ರ. ಎರಡೂ ಲೆಕ್ಕ ಹಾಕಿ ನೋಡಿ. ರಿಟರ್ನ್ ಅಂತೂ ತುಂಬಲೇಬೇಕು.

ನವನಗರ: ಫಾರ್ವರ್ಡ್ ಬಂದಿದೆ: "ಸ್ವಾತಂತ್ರ್ಯದ 75 ವರ್ಷದ ನೆನಪಿಗೆ 75 ದಾಟಿದ ಎಲ್ಲರಿಗೂ ಆದಾಯ ತೆರಿಗೆ ಪೂರ್ತಿ ಮಾಫಿ. ಹಿರಿಯರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ."

ಸಿಎ: ಸುಳ್ಳು. ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಪಿಐಬಿಯೇ ಇದನ್ನು ಸುಳ್ಳು ಎಂದು ಹೇಳಿದೆ. 75 ದಾಟಿದವರಿಗೆ ಇರುವ ಸೌಲಭ್ಯ ಇಷ್ಟೇ: ಪಿಂಚಣಿ ಮತ್ತು ಅದೇ ಬ್ಯಾಂಕಿನ ಬಡ್ಡಿ ಬಿಟ್ಟು ಬೇರೆ ಆದಾಯ ಇರಬಾರದು. ಬ್ಯಾಂಕಿಗೆ 12ಬಿಬಿಎ ಫಾರಂ ಕೊಡಬೇಕು. ಆಗ ಬ್ಯಾಂಕೇ ಲೆಕ್ಕ ಹಾಕಿ ತೆರಿಗೆ ಹಿಡಿಯುತ್ತದೆ, ರಿಟರ್ನ್ ತುಂಬಬೇಕಿಲ್ಲ. ತೆರಿಗೆ ಮಾಫಿ ಅಲ್ಲ. ಪುಣ್ಯ ಬೇಕಿದ್ದರೆ ಫಾರ್ವರ್ಡ್ ಅಳಿಸಿ.

ಗದಗ, ಬೆಟಗೇರಿ: ಮೇಡಂ, ನಮ್ಮ ಮನೆಯವರು ತೀರಿಕೊಂಡ ಮೇಲೆ ನನಗೆ ಫ್ಯಾಮಿಲಿ ಪೆನ್ಶನ್ ಬರುತ್ತದೆ. ನನಗೂ 75,000 ಬಿಡುತ್ತಾರಾ?

ಸಿಎ: ಇಲ್ಲ ಅಮ್ಮಾ. ಹೊಸ ಪದ್ಧತಿಯಲ್ಲಿ ಪೆನ್ಶನ್‌ನ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅದು. ಹಳೆಯದರಲ್ಲಿ 15,000.

ಧಾರವಾಡ, ಸಪ್ತಾಪುರ: ಮೇಡಂ, ಸ್ವಲ್ಪ ಉದ್ದ ಇದೆ, ಕ್ಷಮಿಸಿ. ನಮ್ಮ ತಂದೆಗೆ 78. ನಿವೃತ್ತ ಹೈಸ್ಕೂಲ್ ಮಾಸ್ತರರು. 2022-23ರ ರಿಟರ್ನ್ ಒಬ್ಬ ಏಜೆಂಟ್ ತುಂಬಿದ. "ಕಟ್ಟಿದ ತೆರಿಗೆ ಪೂರ್ತಿ ವಾಪಸ್ ಕೊಡಿಸ್ತೇನೆ, ಬಂದದ್ದರಲ್ಲಿ ನನಗೆ ಕಾಲು ಭಾಗ" ಎಂದಿದ್ದ. ಹಣ ಬಂತು. ಮುಂದಿನ ವರ್ಷದಿಂದ ನಾನೇ ತುಂಬುತ್ತಿದ್ದೇನೆ, ತೊಂದರೆ ಇಲ್ಲ. ಆದರೆ ಈ ಫೆಬ್ರುವರಿಯಲ್ಲಿ ಅಪ್ಪನಿಗೆ ಇಲಾಖೆಯ ಮೆಸೇಜ್ ಬಂದಿತ್ತಂತೆ. ಮೋಸದ ಮೆಸೇಜ್ ಇರಬೇಕೆಂದು ಬಿಟ್ಟಿದ್ದಾರೆ. ಹಳೇ ರಿಟರ್ನ್ ತೆಗೆದು ನೋಡಿದರೆ ರಾಜಕೀಯ ಪಕ್ಷಕ್ಕೆ 60,000 ದೇಣಿಗೆ, ಗಂಭೀರ ಕಾಯಿಲೆ ಎಂದು 1 ಲಕ್ಷ ತೋರಿಸಿದ್ದಾನೆ. ಅಪ್ಪ ಯಾವ ಪಕ್ಷಕ್ಕೂ ಹತ್ತು ರೂಪಾಯಿ ಕೊಟ್ಟವರಲ್ಲ. ಕಾಯಿಲೆ ಎಂದರೆ ಶುಗರ್, ಬಿಪಿ.

ಸಿಎ: ಪಿಂಚಣಿ ಎಷ್ಟು, ಬಡ್ಡಿ ಎಷ್ಟು ಆ ವರ್ಷ?

ಸಪ್ತಾಪುರ: ಪಿಂಚಣಿ 6,20,000. ಬ್ಯಾಂಕ್ ಬಡ್ಡಿ 95,000. ಬೇರೆ ಕಡಿತ ಏನೂ ಇರಲಿಲ್ಲ.

ರಾಣೇಬೆನ್ನೂರು: 12 ಲಕ್ಷದ ತನಕ ಇಲ್ಲ ಅಂತ ಟಿವಿಯಲ್ಲೇ ಹೇಳಿದ್ರಲ್ಲ?

ಸಿಎ: ಮೇಲೆ ಉತ್ತರಿಸಿದ್ದೇನೆ.

ಸಿಎ: ಸಪ್ತಾಪುರದವರಿಗೆ. ಇದನ್ನು ಸುಮ್ಮನೆ ಬಿಡಬೇಡಿ. ಒಟ್ಟು 7,15,000. ಪಿಂಚಣಿಯ 50,000 ಮತ್ತು 80ಟಿಟಿಬಿಯ 50,000 ಕಳೆದರೆ 6,15,000. ಆತ ಸುಳ್ಳು 1,60,000 ಸೇರಿಸಿ 4,55,000ಕ್ಕೆ ಇಳಿಸಿದ. 5 ಲಕ್ಷದ ಒಳಗೆ ಬಂತು, ತೆರಿಗೆ ಸೊನ್ನೆ, ಟಿಡಿಎಸ್ ಎಂದು ಮೊದಲೇ ಹಿಡಿದಿದ್ದ ತೆರಿಗೆ ವಾಪಸ್. ನಿಜವಾದ ತೆರಿಗೆ ಸೆಸ್ ಸೇರಿ 34,320.

ಗಂಭೀರ ಕಾಯಿಲೆಯ ಕಡಿತ ಕೊಡುವ 80ಡಿಡಿಬಿ ಪಟ್ಟಿಯಲ್ಲಿ ಕ್ಯಾನ್ಸರ್, ಕಿಡ್ನಿ ವೈಫಲ್ಯ, ಪಾರ್ಕಿನ್ಸನ್ ಇಂಥವು ಇವೆ. ತಜ್ಞ ವೈದ್ಯರ ಚೀಟಿ ಬೇಕು. ಶುಗರ್, ಬಿಪಿ ಅದರಲ್ಲಿ ಇಲ್ಲ. ಪಕ್ಷದ ದೇಣಿಗೆಯ ಸುಳ್ಳು ಕಡಿತಗಳನ್ನು ಇಲಾಖೆ ಹುಡುಕಿ ಹುಡುಕಿ ತೆಗೆಯುತ್ತಿದೆ.

ಮೊದಲು ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆಗಿ ಇ-ಪ್ರೊಸೀಡಿಂಗ್ಸ್ ನೋಡಿ. ಅಲ್ಲಿ ಹಳೇ ಲೆಕ್ಕ ಮತ್ತೆ ತೆರೆಯುವ 148 ಅಥವಾ 148ಎ ನೋಟಿಸ್ ಇದ್ದರೆ ದಾರಿ ಬೇರೆ, ಕಾಗದ ತೆಗೆದುಕೊಂಡು ಬನ್ನಿ. ಬರೀ ಎಚ್ಚರಿಕೆಯ ಮೆಸೇಜ್ ಆಗಿದ್ದರೆ ಐಟಿಆರ್-ಯು, ಅಂದರೆ ಅಪ್‌ಡೇಟೆಡ್ ರಿಟರ್ನ್, ತುಂಬಿ. ಮಾರ್ಚ್ 31ರ ಒಳಗೆ ತುಂಬಿದ್ದರೆ ಹೆಚ್ಚುವರಿ ಶೇ. 25 ಸಾಕಿತ್ತು. ಈಗ ಶೇ. 50, ಅಂದರೆ 17,160. ಒಟ್ಟು 51,480, ಅದರ ಮೇಲೆ ಬಡ್ಡಿ ಬಂದರೆ ಅದು ಬೇರೆ. 2026ರ ಮಾರ್ಚ್ ದಾಟಿದರೆ ಶೇ. 60. ಇಲಾಖೆಯೇ ಹಿಡಿದು ಸುಳ್ಳು ಲೆಕ್ಕ ಎಂದು ತೀರ್ಮಾನಿಸಿದರೆ ದಂಡವೇ ತೆರಿಗೆಯ ಎರಡು ಪಟ್ಟು, 68,640. ತೆರಿಗೆ ಅದರ ಹೊರತು.

ಮಾಳಮಡ್ಡಿ: ಮಾಡಿದವನು ಏಜೆಂಟ್, ದಂಡ ಮುದುಕರಿಗಾ? ಇದು ಯಾವ ನ್ಯಾಯ ರೀ?

ಸಿಎ: ರಿಟರ್ನ್ ಅವರ ಪ್ಯಾನ್‌ನಲ್ಲಿದೆ, ಒಟಿಪಿ ಕೊಟ್ಟವರು ಅವರು. ಏಜೆಂಟನ ಹೆಸರು ಆ ಫಾರಂನಲ್ಲಿ ಎಲ್ಲೂ ಇಲ್ಲ.

ಸಪ್ತಾಪುರ: ಅಪ್ಪನ ಔಷಧಿಗೆ ತಿಂಗಳಿಗೆ 4,000 ಆಗುತ್ತದೆ. ಅದನ್ನಾದರೂ ತೋರಿಸಬಹುದಿತ್ತಾ?

ಸಿಎ: ನನಗೆ ಬೇಸರ ಆಗುವುದೇ ಇಲ್ಲಿ. ಆರೋಗ್ಯ ವಿಮೆ ಇಲ್ಲದ ಹಿರಿಯರಿಗೆ 80ಡಿಯಲ್ಲಿ ಔಷಧಿ, ತಪಾಸಣೆ ಖರ್ಚು 50,000ದ ತನಕ ಸಿಗುತ್ತದೆ. ನಗದು ಕೊಟ್ಟಿರಬಾರದು, ಬಿಲ್ ಇರಬೇಕು. ಶುಗರ್ ಗುಳಿಗೆಗೂ ಬರುತ್ತದೆ. ಸಿಗಬೇಕಾದ ನಿಜವಾದ ಕಡಿತ ಬಿಟ್ಟು, ಇಲ್ಲದ್ದನ್ನು ಹಾಕಿದ್ದಾನೆ. ಔಷಧಿಯ ದುಡ್ಡು ಯಾರ ಖಾತೆಯಿಂದ ಹೋಗಿತ್ತು?

ಸಪ್ತಾಪುರ: ನನ್ನ ಫೋನ್‌ಪೇಯಿಂದ.

ಸಿಎ: ಹಾಗಾದರೆ ಅದು ನಿಮ್ಮ ರಿಟರ್ನ್‌ನ ಕಡಿತ, ಅದೂ ಹಳೆಯ ಪದ್ಧತಿಯಲ್ಲಿದ್ದರೆ. ಅವರದ್ದಲ್ಲ.

ನವನಗರ: ಇನ್ನೊಂದು ಬಂದಿದೆ: "ಬ್ಯಾಂಕಿಗೆ 15ಎಚ್ ಫಾರಂ ಕೊಟ್ಟರೆ ಬಡ್ಡಿಗೆ ತೆರಿಗೆಯೇ ಇಲ್ಲ."

ಸಿಎ: 15ಎಚ್ ಕೊಟ್ಟರೆ ಬ್ಯಾಂಕ್ ಟಿಡಿಎಸ್ ಹಿಡಿಯುವುದಿಲ್ಲ, ಅಷ್ಟೇ. ನಿಮ್ಮ ಒಟ್ಟು ತೆರಿಗೆ ಸೊನ್ನೆ ಆಗುವಂತಿದ್ದರೆ ಮಾತ್ರ ಕೊಡಬೇಕು. ಇಲ್ಲದಿದ್ದರೆ ಸುಳ್ಳು ಘೋಷಣೆ ಆಗುತ್ತದೆ, ಅದಕ್ಕೆ ಶಿಕ್ಷೆ ಇದೆ. ಈ ಫಾರ್ವರ್ಡ್ ಬರೆಯುವವರು ನಿಮ್ಮ ಪರವಾಗಿ ನೋಟಿಸಿಗೆ ಉತ್ತರ ಕೊಡಲು ಬರುವುದಿಲ್ಲ.

ನವನಗರ: ನಾನು ಬರೆದದ್ದಲ್ಲ ಮೇಡಂ, ಬಂದದ್ದು ಹಾಕಿದೆ.

ಸಿಎ: ಗೊತ್ತು. ಹಾಕಬೇಡಿ.

ಹಾವೇರಿ: ಗದಗಿನಲ್ಲಿ ಪ್ಲಾಟ್ ಮಾರಿದ್ದೇನೆ, 2004ರಲ್ಲಿ ಕೊಂಡದ್ದು. ಹಿರಿಯ ನಾಗರಿಕ ಎಂದು ಏನಾದರೂ ಬಿಡ್ತಾರಾ?

ಬ್ಯಾಡಗಿ: ನನಗೆ 68. ಪಿಂಚಣಿ ಇದೆ, ಜೊತೆಗೆ ಎಂಟು ಎಕರೆ ಹೊಲ. ಹೊಲದ ಆದಾಯ ತೋರಿಸಬೇಕಾ?

ಕೇಶ್ವಾಪುರ: ಅವರಿಗೇನು ರೀ, ಮೆಣಸಿನಕಾಯಿ ಮಾರಿ ಲಕ್ಷಗಟ್ಟಲೆ ಬಂದರೂ ತೆರಿಗೆ ಇಲ್ಲ. ನಾವು ಎಫ್‌ಡಿ ಬಡ್ಡಿಗೂ ತುಂಬಬೇಕು.

ಬ್ಯಾಡಗಿ: ಬನ್ನಿ ಸರ್, ಹೊಲ ಕೊಡ್ತೇನೆ, ನಿಮ್ಮ ಎಫ್‌ಡಿ ನನಗೆ ಕೊಡಿ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಬಿದ್ದಾಗ ನಮ್ಮ ಎಪಿಎಂಸಿಯಲ್ಲಿ ರೈತರು ಸಿಟ್ಟಿಗೆದ್ದು ಬೆಂಕಿ ಹಚ್ಚಿದ್ದನ್ನು ಪೇಪರ್‌ನಲ್ಲಿ ಓದಿಲ್ವಾ? ನಿಮ್ಮ ಬಡ್ಡಿ ಎಂದಾದರೂ ಮಳೆಗೆ ಕೊಳೆತಿದೆಯಾ?

ಕೇಶ್ವಾಪುರ: ಬೆಂಕಿ ಹಚ್ಚಿದ್ದಕ್ಕೂ ನನ್ನ ಪ್ರಶ್ನೆಗೂ ಏನು ಸಂಬಂಧ?

ಮಾಳಮಡ್ಡಿ: ಇಬ್ಬರೂ ಪಿಂಚಣಿ ತಗೋತೀರಿ. ಇಬ್ಬರೂ ಬಡವರಲ್ಲ. ಬಿಡಿ.

ಬ್ಯಾಡಗಿ: ನಿಮ್ಮನ್ನು ಯಾರು ಕೇಳಿದರು?

ಅಡ್ಮಿನ್: ಎಲ್ಲರೂ ಹಿರಿಯರಿದ್ದೀರಿ. ವಿಷಯಕ್ಕೆ ಬನ್ನಿ.

ಸಿಎ: ಹೊಲದ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ತೋರಿಸಬೇಕು. 5,000 ದಾಟಿದರೆ ಐಟಿಆರ್-1, ಅಂದರೆ ಸರಳ ರಿಟರ್ನ್ ಫಾರಂ, ನಡೆಯುವುದಿಲ್ಲ. ಪಿಂಚಣಿ ಮೂಲ ವಿನಾಯಿತಿ ಮಿತಿ ದಾಟಿದ್ದರೆ, ತೆರಿಗೆಯ ದರ ಹಿಡಿಯಲು ಹೊಲದ್ದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಜಗಳ ಇನ್ನೆಲ್ಲಾದರೂ ಆಡಿ.

ಕೇಶ್ವಾಪುರ: ಹೆಂಡತಿ ಹೆಸರಿಗೆ ಎಫ್‌ಡಿ ಮಾಡಿಸಿದರೆ?

ಸಿಎ: ದುಡ್ಡು ನಿಮ್ಮದಾದರೆ ಬಡ್ಡಿಯೂ ನಿಮ್ಮ ಲೆಕ್ಕಕ್ಕೇ.

ವಿದ್ಯಾನಗರ: ಮೇಡಂ, 12 ಲಕ್ಷ…

ಸಿಎ: ಮೇಲೆ ಓದಿ.

ವಿದ್ಯಾನಗರ: ಇಷ್ಟು ಸಿಟ್ಟು ಯಾಕೆ? ಕೇಳಿ ಅಂದಿದ್ದಕ್ಕೆ ಕೇಳಿದೆ. ಫೀಸ್ ಕೊಟ್ಟಿದ್ದರೆ ಹೀಗೆ ಹೇಳ್ತಿದ್ದಿರಾ?

ಸಿಎ: ಫೀಸ್ ಕೊಟ್ಟವರಿಗೂ ಇದನ್ನೇ ಹೇಳುತ್ತೇನೆ.

ಸಪ್ತಾಪುರ: ಮೇಡಂ, ಪೋರ್ಟಲ್ ನೋಡಿದೆ. ಇ-ಪ್ರೊಸೀಡಿಂಗ್ಸ್‌ನಲ್ಲಿ ಏನೂ ಇಲ್ಲ. ಆದರೆ ಪ್ರೊಫೈಲ್‌ನಲ್ಲಿ ಇರುವ ಇಮೇಲ್ ನಮ್ಮದಲ್ಲ.

ಸಿಎ: ಏಜೆಂಟನದ್ದೇ ಇರಬೇಕು. ಇಲಾಖೆಯ ಇಮೇಲ್‌ಗಳೆಲ್ಲ ಇಷ್ಟು ದಿನ ಅವನಿಗೆ ಹೋಗಿವೆ. ಇವತ್ತೇ ಇಮೇಲ್, ಮೊಬೈಲ್, ಪಾಸ್‌ವರ್ಡ್ ಬದಲಿಸಿ. ರಿಫಂಡ್ ಬರುವ ಬ್ಯಾಂಕ್ ಖಾತೆ ಯಾವುದಿದೆ ನೋಡಿ. 2023-24ರ ರಿಟರ್ನ್ ಅವನೂ ಇನ್ನೊಮ್ಮೆ ತಿದ್ದಿ ಹಾಕಿದ್ದಾನಾ ಎಂದು ಫೈಲ್ಡ್ ರಿಟರ್ನ್ಸ್‌ನಲ್ಲಿ ಪರೀಕ್ಷಿಸಿ. ಆಮೇಲೆ 26ಎಎಸ್, ಎಐಎಸ್ (ಇಲಾಖೆಯ ಬಳಿ ಇರುವ ನಿಮ್ಮ ತೆರಿಗೆ, ಆದಾಯದ ಪಟ್ಟಿಗಳು) ಎರಡೂ ಡೌನ್‌ಲೋಡ್ ಮಾಡಿ ನನಗೆ ನೇರವಾಗಿ ಕಳಿಸಿ. ಈ ಗುಂಪಿನಲ್ಲಿ ಹಾಕಬೇಡಿ, ಪ್ಯಾನ್ ಕಾಣುತ್ತದೆ.

ಹಾವೇರಿ: ಪ್ಲಾಟಿನ ಬಗ್ಗೆ ಕೇಳಿದ್ದೆ ಮೇಡಂ.

ನವನಗರ: ಪ್ಲಾಟಿಗೆ ತೆರಿಗೆ ಇಲ್ಲ ಅಂತ ಒಂದು ವಿಡಿಯೋ ಇದೆ, ಕಳಿಸಲಾ?

ಅಡ್ಮಿನ್: ಇವತ್ತಿಗೆ ಸಾಕು. ಇನ್ನು ಅಡ್ಮಿನ್‌ಗಳು ಮಾತ್ರ ಬರೆಯಬಹುದು.