ಸಹಾಯ ಬೇಕು: ಸಾಂಕ್ರಾಮಿಕ ಬಂದರೆ ಬಾಡಿಗೆದಾರರನ್ನು ಹೊರಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ಕಾನೂನು ಗೊತ್ತಿರುವವರು ಸ್ವಲ್ಪ ಹೇಳಿ. ಮುಂದಿನ ತಿಂಗಳು ನನ್ನ ಬಾಡಿಗೆ ಕರಾರು ಹೊಸದಾಗಿ ಆಗಬೇಕು. ‘ಯಾವ ಕಾರಣಕ್ಕೇ ಆಗಲಿ, ಒಂದು ತಿಂಗಳ ಬಾಡಿಗೆ ತಪ್ಪಿದರೂ ಮನೆ ಬಿಡಬೇಕು’ ಅಂತ ಒಂದು ಷರತ್ತು ಸೇರಿಸಿದ್ದಾರೆ. ಕೊರೊನಾ ಕಾಲ ನೆನಪಾಗಿ ಎದೆ ಧಸಕ್ಕೆಂದಿತು.

ನಾನು ಓದಿಕೊಂಡಿದ್ದು ಇಷ್ಟು. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯ್ದೆಯಡಿ ಒಂದು ಆದೇಶ ಹೊರಡಿಸಿತ್ತು. ಕಾರ್ಮಿಕರ ಹತ್ತಿರ ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನೋ ವಿದ್ಯಾರ್ಥಿಗಳನ್ನೋ ಬಲವಂತವಾಗಿ ಖಾಲಿ ಮಾಡಿಸಿದರೆ ಕ್ರಮ. ನನ್ನಂಥವರ ಮಾತೇ ಅದರಲ್ಲಿ ಇರಲಿಲ್ಲ, ಅಲ್ವಾ? ಅಮೆರಿಕದಲ್ಲೂ ಹೊರಹಾಕುವುದಕ್ಕೆ ತಡೆ ಇತ್ತು. ಆದರೆ ಬಾಡಿಗೆ ಮನ್ನಾ ಆಗಿರಲಿಲ್ಲ, ಬಾಕಿ ಬೆಳೆಯುತ್ತಲೇ ಇತ್ತು. 2021ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ತಡೆಯನ್ನೂ ತೆಗೆಯಿತು.

ಇಂಥ ಆದೇಶ ಮತ್ತೆ ಬಂದರೆ ಕರಾರಿನ ಷರತ್ತು ತಾನಾಗಿ ಬಿದ್ದುಹೋಗುತ್ತದಾ? ಆದೇಶದ ಅವಧಿ ಮುಗಿದ ಮರುದಿನವೇ ಬಾಕಿಯೆಲ್ಲ ಒಟ್ಟಿಗೆ ಕೇಳಬಹುದಾ? ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಸಾಲದ ಕಂತು ಇದೆ. ಬಾಕಿಯನ್ನು ಕಂತಿನಲ್ಲಿ ಕಟ್ಟುವ ಹಾಗೆ ಯಾರಾದರೂ ಕರಾರಿನಲ್ಲಿ ಬರೆಸಿಕೊಂಡಿದ್ದರೆ ಆ ಸಾಲು ಇಲ್ಲಿ ಹಾಕಿ.